ತೊಗಟೆಯಿಂದ ತಿರುಳಿಗೆ

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕಾಲಿಗೆ ಎಲ್ಲಿಲ್ಲದ ಬಲ ಬರುತ್ತದೆ. ಇದು ಅಡ್ರಿನಲಿನ್ ಕೈವಾಡ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಸುರಿಸುವ ಗ್ರಂಥಿಯ ಒಳಗಿನ ಕಟ್ಟಡ ಇನ್ನೂ ಸೋಜಿಗದ್ದು.

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೊಬ್ಬಿನಲ್ಲಿ ಹುದುಗಿರುವ ಅಡ್ರಿನಲ್ ಗ್ರಂಥಿ ಒಂದೊಂದೂ ತೂಗುವುದು 4–5 ಗ್ರಾಂ ಮಾತ್ರ. ಕೊಯ್ದರೆ ಹೊರಗೆ ಹಳದಿ ತೊಗಟೆ, ಒಳಗೆ ಕಂದುಗೆಂಪು ತಿರುಳು. ಭ್ರೂಣದಲ್ಲಿ ಇವೆರಡರ ಮೂಲವೇ ಬೇರೆ. ತಿರುಳಿನ ಜೀವಕೋಶಗಳು ನರಮಂಡಲದ ಬಳಗದವು, ವಲಸೆ ಬಂದು ಇಲ್ಲಿ ನೆಲೆಸಿದವು.

ತೊಗಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಮೂರು ವಲಯಗಳು ಕಾಣುತ್ತವೆ. ಹೊರಗಿನದರಲ್ಲಿ ಜೀವಕೋಶಗಳು ದುಂಡನೆಯ ಗುಂಪುಗಳಾಗಿವೆ. ಇವು ಸ್ರವಿಸುವ ಆಲ್ಡೊಸ್ಟಿರಾನ್, ಮೂತ್ರದಲ್ಲಿ ಉಪ್ಪು ಪೋಲಾಗದಂತೆ ತಡೆದು ರಕ್ತದೊತ್ತಡ ಕಾಯುತ್ತದೆ. ಒಳಗಿನ ತೆಳು ವಲಯದಲ್ಲಿ ಜೀವಕೋಶಗಳು ಬಲೆ ಹೆಣೆದಂತಿವೆ. ಅಲ್ಲಿ ಹುಟ್ಟುವುದು ದುರ್ಬಲ ಗಂಡುಹಾರ್ಮೋನುಗಳು, ಹೆಂಗಸರಲ್ಲೂ.

ನೋಡಬೇಕಾದದ್ದು ನಡುವಿನ ವಲಯ. ತೊಗಟೆಯ ಬಹುಪಾಲು ಇದೇ. ನೆಟ್ಟಗಿನ ಸಾಲುಗಳಲ್ಲಿ ನಿಂತ ದೊಡ್ಡ ಜೀವಕೋಶಗಳ ಒಳಗೆ ನೊರೆ ತುಂಬಿದಂತೆ ಕಾಣುತ್ತದೆ. ಆ ಗುಳ್ಳೆಗಳಲ್ಲಿ ಇದ್ದದ್ದು ಕೊಬ್ಬಿನ ಹನಿಗಳು. ಸ್ಲೈಡ್ ತಯಾರಿಸುವಾಗ ಬಳಸುವ ದ್ರಾವಕಗಳಲ್ಲಿ ಅವು ಕರಗಿಹೋಗಿ ಖಾಲಿ ಜಾಗ ಉಳಿದಿರುತ್ತದೆ. ಕೊಲೆಸ್ಟರಾಲ್ ಎಂದರೆ ಬೆಚ್ಚಿಬೀಳುವವರು ಈ ಸ್ಲೈಡನ್ನು ಒಮ್ಮೆ ನೋಡಬೇಕು. ಆ ಹನಿಗಳಲ್ಲಿ ದಾಸ್ತಾನಾಗಿದ್ದದ್ದು ಅದೇ, ಈ ವಲಯ ತಯಾರಿಸುವ ಕಾರ್ಟಿಸೋಲ್ ಎಂಬ ಹಾರ್ಮೋನಿನ ಕಚ್ಚಾವಸ್ತುವೂ ಅದೇ.

ಸಾಲುಗಳ ನಡುವೆ ಸಣ್ಣ ರಕ್ತನಾಳಗಳು ಹೊರಗಿನಿಂದ ಒಳಗೆ ಇಳಿಯುತ್ತವೆ. ಕೆಲವು ಧಮನಿಗಳು ನೇರವಾಗಿ ತಿರುಳಿಗೇ ಹೋದರೂ, ಅಲ್ಲಿಗೆ ತಲುಪುವ ಬಹಳಷ್ಟು ರಕ್ತ ತೊಗಟೆಯನ್ನು ಹಾದು, ಕಾರ್ಟಿಸೋಲ್ ಹೊತ್ತು ಬಂದದ್ದು. ತಿರುಳಿನಲ್ಲಿ ನಾರ್‌ಅಡ್ರಿನಲಿನನ್ನು ಅಡ್ರಿನಲಿನ್ ಆಗಿ ಬದಲಿಸುವ ಕಿಣ್ವ ಹೇರಳವಾಗಿ ತಯಾರಾಗಲು ಆ ಕಾರ್ಟಿಸೋಲೇ ಬೇಕು. ಮನುಷ್ಯರ ತಿರುಳಿನ ಸ್ರಾವದಲ್ಲಿ ಸುಮಾರು ಶೇ 80 ಅಡ್ರಿನಲಿನ್. ಬೇರೆ ಬೇರೆ ಮೂಲದ ಎರಡು ಅಂಗಾಂಶಗಳು ಒಂದೇ ಪೊರೆಯೊಳಗೆ ಸಂಸಾರ ಹೂಡಿದ್ದರ ಲಾಭ ಇದು.

ತೊಗಟೆ ಹಾಳಾದರೆ ಏನಾಗುತ್ತದೆಂದು ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಬರೆದ: ವಿಪರೀತ ನಿತ್ರಾಣ, ವಾಕರಿಕೆ, ಕಪ್ಪಿಡುವ ಚರ್ಮ, ಕೊನೆಗೆ ಸಾವು. ಅವನ ಕಾಲದಲ್ಲಿ ಕ್ಷಯವೇ ಮುಖ್ಯ ಕಾರಣವಾಗಿತ್ತು. ನಮ್ಮ ದೇಶದಲ್ಲಿ ಈಗಲೂ ವೈದ್ಯರು ಅದನ್ನು ಮರೆಯುವಂತಿಲ್ಲ.

ಇಂದು ತೊಗಟೆ ಸೊರಗುವುದಕ್ಕೆ ಮಾತ್ರೆಯೂ ಕಾರಣ. ಕೀಲುನೋವಿಗೋ ಉಬ್ಬಸಕ್ಕೋ ಕಾರ್ಟಿಸೋಲಿನಂತೆಯೇ ವರ್ತಿಸುವ ಸ್ಟೀರಾಯ್ಡನ್ನು ವಾರಗಟ್ಟಲೆ ನುಂಗಿದರೆ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಾರ್ಟಿಸೋಲ್ ತಯಾರಿಸಲು ಕೊಡುವ ತನ್ನ ಆದೇಶ ನಿಲ್ಲಿಸುತ್ತದೆ. ನಡುವಿನ ವಲಯ ಬಡವಾಗುತ್ತದೆ. ಹೊರವಲಯ ನಡೆಯುವುದು ಮುಖ್ಯವಾಗಿ ಮೂತ್ರಪಿಂಡದ ಸಂಕೇತದ ಮೇಲೆ, ಹಾಗಾಗಿ ಅದು ಬಹುಮಟ್ಟಿಗೆ ಬಚಾವು. ಸೊರಗಿದ ವಲಯ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಜ್ವರವೋ ಆಪರೇಷನ್ನೋ ಎದುರಾದರೆ ಕಾರ್ಟಿಸೋಲ್ ಸಾಲದೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಮುಖ ಊದಿಕೊಂಡಿತೆಂದು ಬೇಸತ್ತು ಮಾತ್ರೆಯನ್ನು ಒಮ್ಮೆಗೇ ಬಿಡಬೇಡಿ. ವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸಿ. ಯಾವ ಆಸ್ಪತ್ರೆಗೆ ಹೋದರೂ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೆ ಎಂದು ಮೊದಲು ಹೇಳಿ.