ಕಾಣದ ಕೋಣೆಯ ಕೆಲಸ

ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಓದುಗರು ಹೆಚ್ಚಾಗಿ ಕಾಣುವುದು ಪುಸ್ತಕ ಎರವಲು ಕೊಡುವ ವಿಭಾಗವನ್ನು. ಪುಸ್ತಕ ಕೊಳ್ಳುವ ವಿಭಾಗ, ನಿಯತಕಾಲಿಕೆಗಳ ವಿಭಾಗಗಳೂ ಉಂಟು. ನಾನು ಹೇಳಹೊರಟಿರುವುದು ಒಳಗೆಲ್ಲೋ ಇರುವ ಸೂಚೀಕರಣ ವಿಭಾಗದ ಮಾತು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಶ್ರೀನಿವಾಸ’ ಎಂಬ ಹೆಸರಿನಲ್ಲಿಯೂ ಬರೆದರು. ಸೂಚಿ ಈ ಎರಡು ಹೆಸರುಗಳನ್ನು ಬೆಸೆಯದಿದ್ದರೆ ವಿದ್ಯಾರ್ಥಿಗೆ ಪೂರ್ಣ ಮಾಸ್ತಿ ದೊರೆಯುವುದಿಲ್ಲ. ವರ್ಗೀಕರಣವೂ ಅಷ್ಟೇ ಸೂಕ್ಷ್ಮ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಭಾಷೆಗೆ 494.814, ಕನ್ನಡ ಸಾಹಿತ್ಯಕ್ಕೆ 894.814. ಮೊದಲ ಅಂಕಿಯೊಂದು ತಪ್ಪಿದರೆ ಕಾವ್ಯವು ವ್ಯಾಕರಣಗಳ ಸಾಲಿನಲ್ಲಿ ಹೋಗಿ ಕೂರುತ್ತದೆ. (ವ್ಯಾಕರಣಕ್ಕೆ ಅದರಿಂದ ಲಾಭವಾದೀತು!) ಕಪಾಟಿನಲ್ಲಿ ಇದ್ದೂ ಆ ಪುಸ್ತಕ ಇಲ್ಲದಂತೆಯೇ, ಪರಾಮರ್ಶನ ವಿಭಾಗದವರೂ ‘ಇಲ್ಲ’ವೆಂದೇ ಹೇಳಬೇಕಾಗುತ್ತದೆ.

ಸೂಚಿಯ ಚೀಟಿಗಳ ಸ್ಥಳಕ್ಕೆ ಈಗ ಗಣಕಯಂತ್ರ ಬಂದಿದೆ. ಶ್ರೀನಿವಾಸರೇ ಮಾಸ್ತಿಯೆಂದು ಅದಕ್ಕೂ ಯಾರಾದರೂ ತಿಳಿಸಿಕೊಡಬೇಕು.