ದೊಡ್ಡ ಕ್ಯಾಮೆರಾಕ್ಕೊಂದು ಅಗ್ಗದ ಪೆಟ್ಟಿಗೆ

1927ರ ಏಪ್ರಿಲ್‌ನಲ್ಲಿ ಆನ್ಸೆಲ್ ಆಡಮ್ಸ್ ಎಂಬ ತರುಣ ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಹಿಮ ತುಳಿಯುತ್ತ ಬೆಟ್ಟ ಹತ್ತಿದ. ಬೆನ್ನ ಮೇಲೆ ಸುಮಾರು 18 ಕಿಲೋ ಹೊರೆ: ಕ್ಯಾಮೆರಾ, ಲೆನ್ಸು, ಫಿಲ್ಟರು, 12 ಗಾಜಿನ ಪ್ಲೇಟು. ಹಾಫ್ ಡೋಮ್ ಬಂಡೆಯ ಎದುರು ನಿಲ್ಲುವ ಹೊತ್ತಿಗೆ ಉಳಿದಿದ್ದು ಎರಡೇ ಪ್ಲೇಟು. ಕೊನೆಯದರಲ್ಲಿ ಮೂಡಿದ ‘ಮೊನೊಲಿತ್’ ಇಂದಿಗೂ ಜಗತ್ಪ್ರಸಿದ್ಧ. ಆ ಗಾಜು ದಾರಿಯಲ್ಲೇ ಬಿರುಕು ಬಿಟ್ಟಿದ್ದರೆ? ಯಾವ ಕ್ಯಾಮೆರಾ, ಯಾವ ಫಿಲ್ಟರು ಎಂದು ಕೆದಕುವವರು ಬಹಳ. ಪ್ಲೇಟುಗಳು ಬೆಟ್ಟದ ಮೇಲಕ್ಕೆ ಹೇಗೆ ಕ್ಷೇಮವಾಗಿ ತಲುಪಿದವು ಎಂದು ಕೇಳುವವರು ಕಡಿಮೆ.

ಅದಕ್ಕೂ ಸುಮಾರು 70 ವರ್ಷ ಮೊದಲು, 1856ರಲ್ಲಿ, ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಬಂಡೆಗಳ ನಡುವೆ ಇನ್ನೂ ದೊಡ್ಡ ಕ್ಯಾಮೆರಾ ಹೂಡಿದ್ದ. ಅವನ ಕಾಗದದ ನೆಗೆಟಿವ್‌ಗಳೇ ಒಂದೊಂದೂ ಹೆಚ್ಚುಕಡಿಮೆ 40 ಸೆಂಟಿಮೀಟರ್ ಉದ್ದಗಲ. ಆಗೆಲ್ಲ ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮೆರಾ ಹೊರಲೇಬೇಕು. ಕಾಗದ ಒಡೆಯುವುದಿಲ್ಲ ಎಂಬುದೊಂದೇ ಸಮಾಧಾನ.

ಈಗಲೂ ಲಾರ್ಜ್ ಫಾರ್ಮ್ಯಾಟ್ ಹುಚ್ಚು ಹಿಡಿದವರಿದ್ದಾರೆ. 4×5 ಇಂಚಿನ ಒಂದು ಹಾಳೆ ಫಿಲ್ಮಿನ ವಿಸ್ತೀರ್ಣ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನ 15 ಪಟ್ಟು. ಹಳೆಯ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರಿಗೆ ಅದನ್ನು ಹೊತ್ತೊಯ್ಯುವ ಪೆಟ್ಟಿಗೆಯ ಬೆಲೆ ಕೇಳಿದಾಗ ಜಂಘಾಬಲವೇ ಉಡುಗುತ್ತದೆ. ಅಷ್ಟು ದುಡ್ಡು ಸುರಿಯಬೇಕಾಗಿಲ್ಲ ಎಂಬುದು ನನ್ನ ವಾದ. ಅದಕ್ಕೆ ಆಧಾರ ಹೈಸ್ಕೂಲಿನ ಭೌತವಿಜ್ಞಾನ.

ಕ್ಯಾಮೆರಾ ಕೈಜಾರಿ 75 ಸೆಂಟಿಮೀಟರ್ ಎತ್ತರದಿಂದ ಬಿತ್ತು ಎನ್ನಿ, ಕಾರಿನ ಡಿಕ್ಕಿಯಿಂದ ನೆಲಕ್ಕೆ ಇರುವಷ್ಟು ಎತ್ತರ. ಬಿದ್ದ ವಸ್ತು ನೆಲ ಮುಟ್ಟಿದ ಮೇಲೆ ಎಷ್ಟು ದೂರ ಕುಸಿದು ನಿಲ್ಲುತ್ತದೆ ಎಂಬುದರ ಮೇಲೆ ಪೆಟ್ಟಿನ ಬಲ ನಿಂತಿದೆ. 3 ಮಿಲಿಮೀಟರಿನಲ್ಲಿ ನಿಂತರೆ ತನ್ನ ತೂಕದ ಸುಮಾರು 250 ಪಟ್ಟು ಬಲ. ಮೂರು ಕಿಲೋ ಕ್ಯಾಮೆರಾದ ಮೇಲೆ 750 ಕಿಲೋ ಹೇರಿದಂತೆ. 3 ಸೆಂಟಿಮೀಟರಿನಲ್ಲಿ ನಿಂತರೆ ಅದು 25 ಪಟ್ಟಿಗೆ ಇಳಿಯುತ್ತದೆ. ಇದು ಸರಾಸರಿ ಲೆಕ್ಕ, ತುತ್ತತುದಿಯ ಪೆಟ್ಟು ಇನ್ನೂ ಜಾಸ್ತಿ. ಆ 3 ಸೆಂಟಿಮೀಟರ್ ಕೊಡುವುದು ಫೋಮ್. ಹೊರಗಿನ ಗಟ್ಟಿ ಕವಚವಲ್ಲ. ಕವಚದ ಕೆಲಸ ಚೂಪಾದ ಮೂಲೆಗಳನ್ನು ತಡೆಯುವುದು, ಪೆಟ್ಟನ್ನು ಅಗಲಕ್ಕೆ ಹಂಚುವುದು. ಅಷ್ಟನ್ನು ಹಾಸ್ಟೆಲ್ಲಿಗೆ ಒಯ್ಯುವ ಟ್ರಂಕೂ ಮಾಡುತ್ತದೆ.

ಹಾಗೆಂದು ಕೈಗೆ ಸಿಕ್ಕ ಸ್ಪಂಜನ್ನೆಲ್ಲ ತುರುಕಿದರೆ ಕೆಟ್ಟಿತು. ಕ್ಯಾಮೆರಾವನ್ನು ಫೋಮಿನ ಮೇಲೆ ಇಟ್ಟು ನೋಡಿ. ತನ್ನ ಭಾರಕ್ಕೇ ಅದು ಅರ್ಧ ಹೂತುಹೋದರೆ, ಬಿದ್ದಾಗ ಕುಸಿಯಲು ಜಾಗವೇ ಉಳಿದಿರುವುದಿಲ್ಲ. ಫೋಮು ಒಂಚೂರೂ ಬಗ್ಗದಿದ್ದರೆ ಅದೂ ಮರದ ಹಲಗೆಗೆ ಸಮ. ಹಳೆಯ ಕ್ಯಾಮೆರಾ ಪೆಟ್ಟಿಗೆಗಳಲ್ಲಿರುವ ಪಾಲಿಯುರೆಥೇನ್ ಸ್ಪಂಜನ್ನಂತೂ ನಂಬಬೇಡಿ. ಗಾಳಿಯ ತೇವ ಹೀರಿ, ವರ್ಷಗಳು ಕಳೆದಂತೆ ಅದು ಅಂಟು ಅಂಟಾದ ಪುಡಿಯಾಗಿ ಲೆನ್ಸಿಗೆ ಮೆತ್ತಿಕೊಳ್ಳುತ್ತದೆ. ಟಿವಿ, ಫ್ರಿಜ್ ಜತೆ ಬರುವ ಬಿಳಿ ಪಾಲಿಎಥಿಲೀನ್ ಫೋಮಿಗೆ ಆ ರೋಗವಿಲ್ಲ. ಮನೆಯಲ್ಲಿ ಬಿದ್ದಿದ್ದರೆ ಎಸೆಯಬೇಡಿ.

ಪೆಟ್ಟಿಗೆ ಎಷ್ಟು ದೊಡ್ಡದು ಬೇಕು ಎಂಬುದು ಕ್ಯಾಮೆರಾದ ಜಾತಿಯ ಮೇಲೆ ಹೋಗುತ್ತದೆ. ಮಡಚುವ ಫೀಲ್ಡ್ ಕ್ಯಾಮೆರಾ ತಾನೇ ಒಂದು ಪೆಟ್ಟಿಗೆ. 1912ರಲ್ಲಿ ಬಂದ ಸ್ಪೀಡ್ ಗ್ರಾಫಿಕ್‌ನ ಮುಂಬಾಗಿಲು ಮುಚ್ಚಿದರೆ ಲೆನ್ಸು, ತಿದಿ ಎಲ್ಲ ಒಳಗೆ ಸೇರಿಕೊಳ್ಳುತ್ತವೆ. ಪತ್ರಿಕಾ ಛಾಯಾಗ್ರಾಹಕರು ಅದನ್ನು ಯುದ್ಧಭೂಮಿಗೂ ಹೊತ್ತೊಯ್ದರು; ಜೋ ರೋಸೆಂಥಾಲ್ 1945ರಲ್ಲಿ ಇವೊ ಜಿಮಾದ ಧ್ವಜಾರೋಹಣ ಸೆರೆಹಿಡಿದದ್ದು ಅದರಲ್ಲೇ. ಅಂಥದ್ದಕ್ಕೆ ದಪ್ಪ ಟವೆಲು ಸುತ್ತಿ ಸಾಮಾನ್ಯ ಬ್ಯಾಕ್‌ಪ್ಯಾಕಿನಲ್ಲಿ ಇಟ್ಟರೂ ನಡೆಯುತ್ತದೆ.

ತಲೆನೋವು ಮೊನೊರೈಲ್ ಕ್ಯಾಮೆರಾದ್ದು. ಒಂದು ಲೋಹದ ಕಂಬಿ, ಅದರ ಮೇಲೆ ಎರಡು ಚೌಕಟ್ಟು, ನಡುವೆ ಹಾರ್ಮೋನಿಯಂನಂತೆ ಮಡಿಕೆ ಮಡಿಕೆಯ ತಿದಿ. ಯಾವ ಕಡೆ ಮಲಗಿಸಿದರೂ ಏನೋ ಒಂದು ಚಾಚಿಕೊಂಡಿರುತ್ತದೆ. ಇದಕ್ಕೆ ಒಳ್ಳೆಯ ಉಪಾಯ, ತಲೆಕೆಳಗಾಗಿ ತೂಗುಹಾಕುವುದು. ಪೆಟ್ಟಿಗೆಯ ಎರಡೂ ಪಕ್ಕಗಳಿಗೆ ಒಂದೊಂದು ಗಟ್ಟಿ ಫೋಮಿನ ತುಂಡು ಅಂಟಿಸಿ, ಮೇಲೆ ಕಚ್ಚು ಮಾಡಿ, ಕಂಬಿಯ ತುದಿಗಳನ್ನು ಅಲ್ಲಿ ಕೂರಿಸಬೇಕು. ಚೌಕಟ್ಟುಗಳು ಕೆಳಗೆ ಜೋತುಬಿದ್ದಿರುತ್ತವೆ, ತಳ ಮುಟ್ಟುವುದಿಲ್ಲ. ಮೊದಲು ಲೆನ್ಸು ಬಿಚ್ಚಿ ಬೇರೆ ಸುತ್ತಿಡಿ. ಹಿಂಬದಿಯ ಮಸುಕು ಗಾಜಿನ ಮೇಲೆ ಒಂದು ರಟ್ಟು ಕಟ್ಟಿ. ಇಡೀ ಯಂತ್ರದಲ್ಲಿ ಮೊದಲು ಒಡೆಯುವುದು ಅದೇ.

ಇಂಥ ಕ್ಯಾಮೆರಾಕ್ಕೆ ಪಿಕ್‌ನಿಕ್ಕಿಗೆ ತಂಪು ಪಾನೀಯ ಒಯ್ಯುವ ಐಸ್ ಬಾಕ್ಸೇ ನನ್ನ ಮೊದಲ ಆಯ್ಕೆ. ಆಳ ಇದೆ, ಹಗುರ, ಗೋಡೆಗಳ ನಡುವೆ ಶಾಖನಿರೋಧಕ ಇರುವುದರಿಂದ ಬಿಸಿಲಲ್ಲಿ ನಿಂತ ಕಾರಿನಲ್ಲೂ ಒಳಗಿನ ಫಿಲ್ಮು ಬೇಗ ಕಾಯುವುದಿಲ್ಲ. ಕಬ್ಬಿಣದ ಟ್ರಂಕು ಅಲ್ಲಿ ಸೋಲುತ್ತದೆ. ಇನ್ನೊಂದು ಲಾಭ: ಅದರಲ್ಲಿ ಪುಳಿಯೋಗರೆ ಇದೆಯೆಂದು ಭಾವಿಸುವ ಕಳ್ಳ ಮುಂದೆ ಹೋಗುತ್ತಾನೆ! ಆದರೆ ಬಿಗಿ ಮುಚ್ಚಳದ ಪೆಟ್ಟಿಗೆ ಒಳಗಿನ ತೇವವನ್ನೂ ಬಿಡುವುದಿಲ್ಲ. ಮಲೆನಾಡಿನ ಮಳೆಯಲ್ಲಿ ನೆನೆದ ಕ್ಯಾಮೆರಾ ಹಾಗೇ ಮುಚ್ಚಿಟ್ಟರೆ ಲೆನ್ಸಿನಲ್ಲಿ ಬೂಷ್ಟು ಖಚಿತ. ಒರೆಸಿ, ಒಣಗಿಸಿ, ಒಂದು ಹಿಡಿ ಸಿಲಿಕಾ ಜೆಲ್ ಇಟ್ಟು ಮುಚ್ಚಿ. ವಿಮಾನದಲ್ಲಿ ಹೋಗುವುದಾದರೆ ಫಿಲ್ಮು ಮಾತ್ರ ಆ ಪೆಟ್ಟಿಗೆಯಲ್ಲಿ ಬೇಡ. ಲಗೇಜಿಗೆ ಹಾಕಿದ ಸಾಮಾನಿನ ಎಕ್ಸ್-ರೇ ಫಿಲ್ಮನ್ನು ಮಂಕು ಮಾಡುತ್ತದೆ, ಅದು ಕೈಚೀಲದಲ್ಲಿರಲಿ.