ಸ್ಪಿಟ್‌ಫೈರ್ ವಿಮಾನದ ಕಥೆ

೧೯೩೬ನೆಯ ಇಸವಿ ಮಾರ್ಚ್ ೫ರಂದು, ಇಂಗ್ಲೆಂಡಿನ ದಕ್ಷಿಣ ತೀರದ ಸೌತಾಂಪ್ಟನ್ ನಗರದ ಸಮೀಪದಲ್ಲಿರುವ ಈಸ್ಟ್‌ಲೀ ವಿಮಾನನಿಲ್ದಾಣದಿಂದ ಹೊಸ ಮಾದರಿಯ ವಿಮಾನವೊಂದು ಮೇಲೇರಿತು. ಅದನ್ನು ನಡೆಸಿದವನು ಜೋಸೆಫ್ ಸಮ್ಮರ್ಸ್ ಎಂಬ ಅನುಭವಶಾಲಿ ಚಾಲಕ. ಕೆಳಗೆ ನಿಂತು ನೋಡುತ್ತಿದ್ದವರಲ್ಲಿ ಅದರ ನಿರ್ಮಾಪಕನಾದ ರೆಜಿನಾಲ್ಡ್ ಮಿಚೆಲ್ಲನೂ ಇದ್ದನು. ೧೯೩೩ರಲ್ಲಿಯೇ ಅರ್ಬುದರೋಗಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಮಿಚೆಲ್ಲನು ೧೯೩೭ರ ಜೂನ್ ತಿಂಗಳಲ್ಲಿ, ತನ್ನ ೪೨ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಸ್ಪಿಟ್‌ಫೈರ್ ಯುದ್ಧದಲ್ಲಿ ಹಾರಿದುದನ್ನು ಅವನು ಕಾಣಲಿಲ್ಲ.

ಈ ವಿಮಾನದ ಮೂಲವನ್ನು ಹುಡುಕುತ್ತ ಹೊರಟರೆ ನಾವು ಒಂದು ಪಂದ್ಯಕ್ಕೆ ಬಂದು ಮುಟ್ಟುತ್ತೇವೆ. ನೀರಿನ ಮೇಲಿಂದ ಏರುವ ವಿಮಾನಗಳಿಗಾಗಿ ನಡೆಯುತ್ತಿದ್ದ ಷ್ನೈಡರ್ ಸ್ಪರ್ಧೆಯನ್ನು ಮಿಚೆಲ್ಲನ ವಿಮಾನಗಳು ೧೯೨೭, ೧೯೨೯ ಮತ್ತು ೧೯೩೧ರಲ್ಲಿ ಗೆದ್ದವು. ಕೊನೆಯದಾದ ಎಸ್-೬ಬಿ ವಿಮಾನವು ೧೯೩೧ರಲ್ಲಿ ಗಂಟೆಗೆ ೪೦೭ ಮೈಲಿ, ಅಂದರೆ ಸುಮಾರು ೬೫೫ ಕಿಲೋಮೀಟರ್, ವೇಗವನ್ನು ಮುಟ್ಟಿತು. ಆದರೆ ಅದೇ ಮಿಚೆಲ್ಲನು ರಚಿಸಿದ ಮೊದಲನೆಯ ಕಾಳಗದ ವಿಮಾನವು ೧೯೩೪ರಲ್ಲಿ ಹಾರಿದಾಗ ನಿರೀಕ್ಷೆಗೆ ತಕ್ಕ ವೇಗವನ್ನು ತೋರಿಸಲಿಲ್ಲ. ಅವನು ಆ ಸೋಲನ್ನು ಒಪ್ಪಿಕೊಂಡು, ರೆಕ್ಕೆಯಿಂದಲೇ ಮೊದಲುಗೊಂಡು ಹೊಸದಾಗಿ ಆಲೋಚಿಸಿದನು.

ರೆಕ್ಕೆಯ ರಹಸ್ಯ

ಹಾರುವ ವಿಮಾನದ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ಈ ವ್ಯತ್ಯಾಸವೇ ವಿಮಾನವನ್ನು ಎತ್ತಿಹಿಡಿಯುತ್ತದೆ. ಆದರೆ ರೆಕ್ಕೆಯ ತುದಿಯಲ್ಲಿ ಕೆಳಗಿನ ಗಾಳಿಯು ಅಂಚನ್ನು ಬಳಸಿ ಮೇಲಕ್ಕೆ ನುಗ್ಗಿ ಸುಳಿಯಾಗುತ್ತದೆ. ಸುಳಿಯನ್ನು ಸುತ್ತಿಸುವ ಶಕ್ತಿ ಎಂಜಿನ್ನಿನಿಂದಲೇ ಬರಬೇಕಷ್ಟೆ; ಆದ್ದರಿಂದ ವಿಮಾನವನ್ನು ಹಿಂದಕ್ಕೆ ಎಳೆಯುವ ಒಂದು ಬಲ ಉಂಟಾಗುತ್ತದೆ. ರೆಕ್ಕೆಯ ಉದ್ದಕ್ಕೂ ಎತ್ತುವ ಬಲವು ದೀರ್ಘವೃತ್ತದ ರೀತಿಯಲ್ಲಿ ಹಂಚಿಕೆಯಾದರೆ ಈ ನಷ್ಟ ಅತ್ಯಲ್ಪವೆಂದು ಜರ್ಮನಿಯ ವಿಜ್ಞಾನಿ ಪ್ರಾಂಟಲ್ ಗಣಿತದಿಂದ ತೋರಿಸಿದ್ದನು. ಸ್ಪಿಟ್‌ಫೈರಿನ ರೆಕ್ಕೆ ದೀರ್ಘವೃತ್ತಾಕಾರವಾಗಿರುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ವ್ಯಾವಹಾರಿಕವಾದುದು. ವೇಗಕ್ಕೆ ತೆಳ್ಳನೆಯ ರೆಕ್ಕೆ ಬೇಕು. ಎಂಟು ಬಂದೂಕುಗಳನ್ನೂ ಮಡಿಸಿದ ಚಕ್ರಗಳನ್ನೂ ಅಡಗಿಸಲು ದಪ್ಪ ರೆಕ್ಕೆ ಬೇಕು. ದೀರ್ಘವೃತ್ತದ ಅಗಲವು ಬುಡದಿಂದ ಬಹುದೂರದವರೆಗೆ ನಿಧಾನವಾಗಿಯೇ ಕುಗ್ಗುತ್ತದೆ. ಅಗಲ ಹೆಚ್ಚಾಗಿದ್ದಲ್ಲಿ, ಅಗಲಕ್ಕೆ ಹೋಲಿಸಿದರೆ ತೆಳುವಾದ ರೆಕ್ಕೆಯೊಳಗೂ ಸಾಕಷ್ಟು ಸ್ಥಳ ದೊರೆಯುತ್ತದೆ. ಇದಕ್ಕೆ ತೆರಬೇಕಾಗಿ ಬಂದ ಬೆಲೆಯೂ ಸಣ್ಣದಲ್ಲ. ಬಾಗಿದ ರೆಕ್ಕೆಗಳನ್ನು ತಯಾರಿಸುವುದು ಕಷ್ಟವಾದುದರಿಂದ ಮೊದಲ ವಿಮಾನಗಳು ವಾಯುಪಡೆಗೆ ಸೇರಿದಾಗ ೧೯೩೮ನೆಯ ಇಸವಿಯಾಗಿತ್ತು.

ಒಂದು ಸಣ್ಣ ರಂಧ್ರ

೧೯೪೦ರ ಬೇಸಗೆಯಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಘೋರ ಯುದ್ಧ ನಡೆಯಿತು. ಅದರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿದ್ದುದೂ ಹೆಚ್ಚು ಶತ್ರುವಿಮಾನಗಳನ್ನು ಉರುಳಿಸಿದುದೂ ಹರಿಕೇನ್ ಎಂಬ ವಿಮಾನ. ಕೀರ್ತಿ ಮಾತ್ರ ಸ್ಪಿಟ್‌ಫೈರಿಗೆ ಹೆಚ್ಚಾಗಿ ಸಂದಿತು. ಇವೆರಡಕ್ಕೂ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನ್ನೇ ಇದ್ದಿತು. ಆ ಎಂಜಿನ್ನಿಗೆ ಒಂದು ಅಪಾಯಕರ ದೋಷವೂ ಇದ್ದಿತು.

ಶತ್ರುವು ಥಟ್ಟನೆ ಮೂತಿ ತಗ್ಗಿಸಿ ಕೆಳಕ್ಕೆ ಧುಮುಕಿದಾಗ ಬ್ರಿಟಿಷ್ ಚಾಲಕನೂ ಹಾಗೆಯೇ ಧುಮುಕಿದರೆ ಅವನ ಎಂಜಿನ್ ಉಸಿರುಗಟ್ಟುತ್ತಿತ್ತು. ಬಸ್ಸು ದಿಬ್ಬವನ್ನು ವೇಗವಾಗಿ ದಾಟಿದಾಗ ನಾವು ಆಸನದಿಂದ ಮೇಲಕ್ಕೆ ಹಾರುತ್ತೇವಲ್ಲವೆ? ಕಾರ್ಬ್ಯುರೇಟರಿನ ತೊಟ್ಟಿಯಲ್ಲಿದ್ದ ಪೆಟ್ರೋಲೂ ಹಾಗೆಯೇ ಮೇಲಕ್ಕೆ ಚಿಮ್ಮುತ್ತಿತ್ತು. ತಳದಲ್ಲಿರುವ ದಾರಿಗೆ ಇಂಧನವಿಲ್ಲದೆ ಎಂಜಿನ್ ತಡವರಿಸುತ್ತಿತ್ತು. ಮರುಕ್ಷಣವೇ ತೇಲುಗುಂಡು ತನ್ನ ಸ್ಥಾನ ತಪ್ಪಿ ಕವಾಟವನ್ನು ಪೂರ್ತಿಯಾಗಿ ತೆರೆಯುತ್ತಿದ್ದುದರಿಂದ ಪೆಟ್ರೋಲು ಮಿತಿಮೀರಿ ನುಗ್ಗಿ ಎಂಜಿನ್ ನಿಂತೇ ಹೋಗಬಹುದಾಗಿತ್ತು. ಜರ್ಮನರ ಮೆಸರ್‌ಸ್ಮಿಟ್ ವಿಮಾನದಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರುಗಳಿಗೆ ಚಿಮ್ಮಿಸುವ ಏರ್ಪಾಡಿದ್ದುದರಿಂದ ಅದಕ್ಕೆ ಈ ಬಾಧೆಯಿರಲಿಲ್ಲ. ಬ್ರಿಟಿಷ್ ಚಾಲಕರು ಮೊದಲು ವಿಮಾನವನ್ನು ಮಗುಚಿಕೊಂಡು ಆಮೇಲೆ ಧುಮುಕಬೇಕಾಗಿತ್ತು. ಅಷ್ಟರಲ್ಲಿ ಶತ್ರುವು ತಪ್ಪಿಸಿಕೊಳ್ಳುತ್ತಿದ್ದನು. ಇಲ್ಲವೆ ಚಾಲಕನೇ ಶತ್ರುವಿನ ಗುರಿಯಾಗುತ್ತಿದ್ದನು.

ಫಾರ್ನ್‌ಬರೋದ ರಾಜಕೀಯ ವಿಮಾನ ಸಂಶೋಧನಾಲಯದಲ್ಲಿದ್ದ ಬೀಟ್ರಿಸ್ ಷಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು ಇದಕ್ಕೆ ಸರಳವಾದ ಪರಿಹಾರವನ್ನು ಕಂಡುಹಿಡಿದಳು. ಎಂಜಿನ್ನಿಗೆ ಹೆಚ್ಚೆಂದರೆ ಎಷ್ಟು ಇಂಧನ ಬೇಕೋ ಅಷ್ಟನ್ನೇ ಬಿಡುವ ರಂಧ್ರವುಳ್ಳ ಚಿಕ್ಕದೊಂದು ಲೋಹದ ಬಿಲ್ಲೆಯನ್ನು ಇಂಧನದ ಕೊಳವೆಯಲ್ಲಿ ಸೇರಿಸುವುದೇ ಆ ಉಪಾಯ. ೧೯೪೧ರಲ್ಲಿ ಆಕೆ ಚಿಕ್ಕ ತಂಡದೊಡನೆ ವಿಮಾನನೆಲೆಗಳಿಗೆ ಹೋಗಿ ಇದನ್ನು ಜೋಡಿಸಿದಳು. ಮೊದಲ ಕ್ಷಣದ ತಡವರಿಕೆ ಉಳಿದರೂ ಎಂಜಿನ್ ನಿಂತುಹೋಗುವ ಭಯ ತಪ್ಪಿತು. ದೋಷವನ್ನು ಸಂಪೂರ್ಣವಾಗಿ ನಿವಾರಿಸಿದ ಕಾರ್ಬ್ಯುರೇಟರುಗಳು ಅನಂತರ ಬಂದವು.

ಬೆಳೆದ ವಿಮಾನ

ಮಿಚೆಲ್ಲನ ತರುವಾಯ ಜೋಸೆಫ್ ಸ್ಮಿತ್ ಎಂಬವನು ಈ ವಿಮಾನವನ್ನು ಬೆಳೆಸಿದನು. ಜರ್ಮನರ ಫೋಕೆ-ವುಲ್ಫ್ ೧೯೦ ವಿಮಾನವು ಮೇಲುಗೈ ಪಡೆದಾಗ, ಎತ್ತರದ ವಿರಳವಾದ ಗಾಳಿಯನ್ನು ಎರಡು ಹಂತಗಳಲ್ಲಿ ಅದುಮಿ, ತಂಪುಗೊಳಿಸಿ, ಎಂಜಿನ್ನಿಗೆ ಊಡುವ ಹೊಸ ಮರ್ಲಿನ್ ೧೯೪೨ರಲ್ಲಿ ಬಂದಿತು. ಆರಂಭದಲ್ಲಿ ಸುಮಾರು ೧,೦೦೦ ಅಶ್ವಸಾಮರ್ಥ್ಯವಿದ್ದುದು ಗ್ರಿಫನ್ ಎಂಜಿನ್ನಿನಿಂದ ೨,೦೦೦ವನ್ನು ದಾಟಿತು. ವೇಗವು ಗಂಟೆಗೆ ಸುಮಾರು ೩೬೦ ಮೈಲಿಯಿಂದ ೪೫೦ರ ಹತ್ತಿರಕ್ಕೆ ಏರಿತು. ೧೯೪೪ರಲ್ಲಿ ಫಾರ್ನ್‌ಬರೋದಲ್ಲಿ ಪರೀಕ್ಷೆಗಾಗಿ ಧುಮುಕಿಸಿದ ಸ್ಪಿಟ್‌ಫೈರ್ ಒಂದು ಶಬ್ದವೇಗದ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಮುಟ್ಟಿತು. ಇದು ಸಾಧ್ಯವಾದುದಕ್ಕೆ ತೆಳ್ಳನೆಯ ಆ ರೆಕ್ಕೆಯೇ ಮುಖ್ಯ ಕಾರಣ. ಒಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ಪಿಟ್‌ಫೈರುಗಳು ತಯಾರಾದವು.

ಕನ್ನಡನಾಡಿಗೂ ಇದರ ನಂಟು ಉಂಟು. ಮೈಸೂರು ನೀಡಿದ ಧನಸಹಾಯದ ಸ್ಮರಣೆಗಾಗಿ, ೧೯೪೧ರಲ್ಲಿ ಸ್ಪಿಟ್‌ಫೈರುಗಳೊಡನೆ ಪುನಃ ರಚಿತವಾದ ಬ್ರಿಟಿಷ್ ವಾಯುಪಡೆಯ ೧೨೯ನೆಯ ಸ್ಕ್ವಾಡ್ರನ್ನಿಗೆ 'ಮೈಸೂರು' ಎಂಬ ಹೆಸರನ್ನಿಟ್ಟರು. ಅದರ ಲಾಂಛನ ನಮ್ಮ ಗಂಡಭೇರುಂಡ. ೧೯೪೭ರಲ್ಲಿ ಕಾಶ್ಮೀರದ ಕಾಳಗದಲ್ಲಿ ಸ್ವತಂತ್ರ ಭಾರತದ ವಾಯುಪಡೆಯೂ ಸ್ಪಿಟ್‌ಫೈರುಗಳನ್ನು ಬಳಸಿತು.

ಪ್ರಾಂಟಲ್ಲನ ಗಣಿತವಾಗಲಿ ಷಿಲ್ಲಿಂಗಳ ಬಿಲ್ಲೆಯಾಗಲಿ ದೂರದಿಂದ ವಿಮಾನವನ್ನು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಬ್ಬ ಚಾಲಕನು ಸಂಜೆಗೆ ಸುರಕ್ಷಿತವಾಗಿ ನೆಲಕ್ಕಿಳಿಯುವುದು ಇಂತಹ ಸಂಗತಿಗಳನ್ನೇ ಅವಲಂಬಿಸಿದ್ದಿತೆಂಬುದನ್ನು ನಾವು ಮರೆಯಬಾರದು.